ಬ್ರಹ್ಮಕಲಶದ ಊಟದಲ್ಲಿ ಬೇರೆ ಬೇರೆ ಹಂತಿ: ದೊಡ್ಡಪ್ಪನ ಹತ್ತಿರ ಹೇಗೆ ಮಾತಾಡಲಿ?

ಬದಿಯಡ್ಕದ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ನಾನು ಕೆಲಸಕ್ಕೆ ಮಂಗಳೂರಿನಲ್ಲಿದ್ದೇನೆ, ರಜೆ ಸಿಕ್ಕಿದಾಗೆಲ್ಲ ಊರಿಗೆ ಬರುತ್ತೇನೆ. ನಮ್ಮ ಊರಿನ ದೇವಸ್ಥಾನದ ಜೀರ್ಣೋದ್ಧಾರ ಮುಗಿಯುತ್ತಾ ಬಂದಿದೆ. ಬರುವ ಫೆಬ್ರವರಿಯಲ್ಲಿ ಬ್ರಹ್ಮಕಲಶ, ಅಂದರೆ ದೇವರ ಪುನಃಪ್ರತಿಷ್ಠೆಯ ಉತ್ಸವ. ಇಡೀ ಊರು ಸೇರಿ ಕೆಲಸ ಮಾಡುತ್ತಿದೆ. ಶ್ರಮದಾನಕ್ಕೆ ಎಲ್ಲ ಜಾತಿಯವರೂ ಬರುತ್ತಾರೆ, ಕಲ್ಲು ಹೊರುತ್ತಾರೆ, ಚಪ್ಪರ ಹಾಕುತ್ತಾರೆ, ಹೊರೆಕಾಣಿಕೆಗೆ ಅಕ್ಕಿ ತೆಂಗಿನಕಾಯಿ ತರಕಾರಿ ಕೊಡುತ್ತಾರೆ. ಊಟದ ಹೊತ್ತಿಗೆ ಮಾತ್ರ ಲೆಕ್ಕ ಬೇರೆ. ಬ್ರಾಹ್ಮಣರಿಗೆ ಒಳಗೆ ಭೋಜನಶಾಲೆಯಲ್ಲಿ ಹಂತಿ (ಊಟದ ಸಾಲು), ಉಳಿದ ಎಲ್ಲರಿಗೂ ಹೊರಗೆ ಚಪ್ಪರದಲ್ಲಿ.

ನಾನು ಬ್ರಾಹ್ಮಣರ ಮನೆಯವಳು. ಚಿಕ್ಕಂದಿನಿಂದ ಒಳಗಿನ ಹಂತಿಯಲ್ಲೇ ಉಂಡವಳು. ಈ ಸಲ ಭೋಜನ ಸಮಿತಿಯ ಸಂಚಾಲಕರು ನನ್ನ ದೊಡ್ಡಪ್ಪ. ಎರಡು ಹಂತಿ ಬೇಡ, ಎಲ್ಲರಿಗೂ ಒಂದೇ ಕಡೆ ಬಡಿಸಲಿ ಅಂತ ಅವರ ಹತ್ತಿರ ಹೇಳಬೇಕು. ಹೇಗೆ ಹೇಳುವುದು ಅಂತಲೇ ಗೊತ್ತಾಗುತ್ತಿಲ್ಲ.

ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತು ಒಮ್ಮೆ ಬಂದಿತ್ತು. ನನ್ನ ಅಣ್ಣನೊಬ್ಬ "ನಾಚಿಕೆಯಾಗಬೇಕು ನಮಗೆಲ್ಲ" ಅಂತ ಬರೆದ. ಅದಕ್ಕೆ ಮಾವನೊಬ್ಬರು "ಬೆಂಗಳೂರಿನ ಗಾಳಿ ತಾಗಿದೆ" ಅಂದರು. ಅಲ್ಲಿಂದ ಮುಂದೆ ಊಟದ ವಿಷಯವೇ ಇಲ್ಲ. ಯಾರ ಮಗ ಯಾರನ್ನು ಮದುವೆಯಾದ, ಯಾರು ಶ್ರಾದ್ಧ ಸರಿಯಾಗಿ ಮಾಡುವುದಿಲ್ಲ, ಇದೇ ಮಾತು. ಇಬ್ಬರು ಗ್ರೂಪು ಬಿಟ್ಟರು. ಆ ಎರಡು ಮನೆಯವರು ಈಗಲೂ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ.

ದೊಡ್ಡಪ್ಪ ಕೆಟ್ಟವರಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿ, ರಸ್ತೆಗೆ ಮಣ್ಣು ಹಾಕಿದ್ದರಲ್ಲ, ಆಗ ಪಕ್ಕದ ಬ್ಯಾರಿ (ಮುಸ್ಲಿಂ) ಮನೆಯವರ ಡಯಾಲಿಸಿಸ್‌ಗೆ ಎಲ್ಲಾದರೂ ವ್ಯವಸ್ಥೆ ಆಗಲಿ ಅಂತ ಹಗಲು ರಾತ್ರಿ ಫೋನು ಮಾಡಿ ಓಡಾಡಿದವರು ಅವರೇ. ನನ್ನ ಫೀಸು ಕಟ್ಟಿದವರೂ ಅವರೇ. ಅಂಥವರ ಮುಂದೆ ಕೂತು "ನೀವು ಮಾಡುತ್ತಿರುವುದು ಜಾತಿಭೇದ" ಅನ್ನುವುದು ಹೇಗೆ? ಹೇಳದೇ ಇದ್ದರೆ ಫೆಬ್ರವರಿಯಲ್ಲಿ ನಾನೂ ಒಳಗೆ ಎಲೆ ಮುಂದೆ ಕೂರಬೇಕು. ಅದು ನನ್ನಿಂದ ಆಗುವುದಿಲ್ಲ.

ಮರ್ಯಾದೆ ಬಿಡದೆ, ಹೇಳಬೇಕಾದ್ದನ್ನೂ ಬಿಡದೆ ಮಾತಾಡಲಿಕ್ಕೆ ದಾರಿ ಇದ್ದರೆ ಹೇಳಿ. ಇಂಥ ಮಾತು ಆಡಿ ನೋಡಿದವರು ಇದ್ದರೆ ಇನ್ನೂ ಒಳ್ಳೆಯದು.

---

ಕುಂಬಳೆಯ ಟೀಚರ್

ಮಗಳೇ, ಮೊದಲು ಆ ಗ್ರೂಪಿನಲ್ಲಿ ಈ ಮಾತು ತೆಗೆಯುವುದನ್ನು ಬಿಡು. ಅಲ್ಲಿ ಅರುವತ್ತು ಎಪ್ಪತ್ತು ಜನ ಓದುತ್ತಾ ಇರುತ್ತಾರೆ. ಅಷ್ಟು ಜನರ ಮುಂದೆ ಯಾರೂ ಮನಸ್ಸು ಬದಲಾಯಿಸುವುದಿಲ್ಲ. ಬದಲಾಯಿಸಬೇಕು ಅಂತ ಅನಿಸಿದರೂ ಆಗುವುದಿಲ್ಲ, ಸೋತ ಹಾಗೆ ಕಾಣುತ್ತದೆ ಅಲ್ವಾ?

ದೊಡ್ಡಪ್ಪನ ಮನೆಗೇ ಹೋಗು. ಒಬ್ಬಳೇ ಹೋಗು. ಅವರು ಅಡಿಕೆ ಸುಲಿಯುವ ಹೊತ್ತಿಗೆ ಹೋಗಿ ನೀನೂ ಜೊತೆಗೆ ಕೂರು. ಕೈಗೆ ಕೆಲಸ ಇದ್ದರೆ ಮಾತು ಸಲೀಸು. ಮುಖ ನೋಡಿಕೊಂಡೇ ಕೂರಬೇಕಾಗಿಲ್ಲ, ನಡುವೆ ಸುಮ್ಮನಿದ್ದರೂ ಯಾರಿಗೂ ಕಸಿವಿಸಿ ಇಲ್ಲ. ನಾನು ಎಷ್ಟೋ ಹುಡುಗರ ಅಪ್ಪಂದಿರ ಹತ್ತಿರ "ಮಗಳನ್ನು ಓದಿಸಿ" ಅಂತ ಹೇಳಿದ್ದು ಹಾಗೆ ಜಗುಲಿಯಲ್ಲಿ ಕೂತು. ಶಾಲೆಗೆ ಕರೆಸಿ ಹೇಳಿದಾಗ "ಆಯಿತು ಟೀಚರ್" ಅಂತ ಹೋಗಿ, ಮರುದಿನ ಮದುವೆ ಮಾತಾಡಿ ಬಂದವರೇ ಜಾಸ್ತಿ.

ಇನ್ನು ಏನು ಕೇಳುವುದು. "ಇದು ಸರಿಯಾ ದೊಡ್ಡಪ್ಪ?" ಅಂತ ಕೇಳಬೇಡ. ಸರಿ ಅನ್ನಬೇಕು, ಇಲ್ಲವೇ ತಪ್ಪು ಅನ್ನಬೇಕು. ಅವರು ಸರಿ ಅಂತಲೇ ಹೇಳುತ್ತಾರೆ, ಒಮ್ಮೆ ಬಾಯಿಂದ ಬಂದ ಮೇಲೆ ಅದನ್ನೇ ಹಿಡಿದು ಕೂರುತ್ತಾರೆ. ಅದರ ಬದಲು "ನೀವು ಚಿಕ್ಕವರಿದ್ದಾಗ ದೇವಸ್ಥಾನದ ಊಟ ಹೇಗಿತ್ತು?" ಅಂತ ಕೇಳು. ಆಮೇಲೆ ಸುಮ್ನೆ ಕೇಳುತ್ತಾ ಹೋಗು. ಅವರ ವಯಸ್ಸಿನವರು ಏನೇನೋ ನೋಡಿದ್ದಾರೆ. ಚಪ್ಪರದ ಊಟವೇ ಇಲ್ಲದ ಕಾಲ ನೋಡಿದ್ದಾರೆ, ಎಲ್ಲರದ್ದೂ ಮುಗಿದ ಮೇಲೆ ಉಳಿದದ್ದನ್ನು ಅಂಗಳದ ಕೊನೆಯಲ್ಲಿ ಕೊಡುತ್ತಿದ್ದ ಕಾಲ ನೋಡಿದ್ದಾರೆ. ಅಂದರೆ ಪದ್ಧತಿ ಅವರ ಕಣ್ಣೆದುರೇ ಬದಲಾಗಿದೆ. ಯಾರೋ ಒಬ್ಬರು ಯಾವತ್ತೋ ಒಂದು ದಿನ "ಇನ್ನು ಹೀಗೆ ಬೇಡ" ಅಂದದ್ದಕ್ಕೇ ಬದಲಾಗಿದೆ. ಅವರು ಯಾರು ಅಂತ ದೊಡ್ಡಪ್ಪನೇ ಹೇಳಲಿ. "ಮೊದಲಿಂದಲೂ ಹೀಗೇ ನಡೆದು ಬಂದದ್ದು" ಅನ್ನುವ ಮಾತು ಆಗ ಅವರ ಬಾಯಿಂದಲೇ ಸಡಿಲವಾಗುತ್ತದೆ.

ಆದರೆ ನಿನ್ನ ಅಭಿಪ್ರಾಯವನ್ನು ಬಚ್ಚಿಟ್ಟು ಬರಬೇಡ. ಒಂದು ಸಲ, ಸ್ಪಷ್ಟವಾಗಿ, ನಿನ್ನ ಬಗ್ಗೆ ಹೇಳು. "ದೊಡ್ಡಪ್ಪ, ನನಗೆ ಒಳಗೆ ಕೂತು ಉಣ್ಣಲಿಕ್ಕೆ ಆಗುವುದಿಲ್ಲ." ಇಷ್ಟು ಸಾಕು. ಅವರು ಕೆಟ್ಟವರು ಅಂತ ಇದರಲ್ಲಿ ಎಲ್ಲಿಯೂ ಇಲ್ಲ.

ಇದೆಲ್ಲ ಬೆಂಗಳೂರಿನಿಂದ ಬಂದ ಗಾಳಿ ಅಂತ ಯಾರಾದರೂ ಹೇಳಿದರೆ ಕುದ್ಮುಲ್ ರಂಗರಾಯರ ಹೆಸರು ಹೇಳು. 1859ರಲ್ಲಿ ನಮ್ಮ ಕಾಸರಗೋಡಿನಲ್ಲೇ ಹುಟ್ಟಿದವರು, ಸಾರಸ್ವತ ಬ್ರಾಹ್ಮಣರು. ಮಂಗಳೂರಿಗೆ ಹೋಗಿ ದಲಿತ ಮಕ್ಕಳಿಗೆ ಶಾಲೆ ತೆರೆದರು, ಅದಕ್ಕೆ ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು. ಈಗ ಮಂಗಳೂರಿನ ಪುರಭವನಕ್ಕೆ ಅವರದೇ ಹೆಸರು.

---

ಚಪ್ಪರದಲ್ಲಿ ಉಂಡವ

ಟೀಚರ್ ಮೇಲೆ ಗೌರವ ಇದೆ, ಆದರೂ ಹೇಳುತ್ತೇನೆ. ಪ್ರಶ್ನೆ ಮತ್ತು ಮೊದಲ ಉತ್ತರ ಎರಡನ್ನೂ ಎರಡು ಸಲ ಓದಿದೆ. ದೊಡ್ಡಪ್ಪನಿಗೆ ಬೇಜಾರಾಗಬಾರದು, ದೊಡ್ಡಪ್ಪ ಸೋತ ಹಾಗೆ ಕಾಣಬಾರದು, ದೊಡ್ಡಪ್ಪನ ಕೈಗೆ ಅಡಿಕೆ ಇರಬೇಕು. ಚಪ್ಪರದಲ್ಲಿ ಕೂತವರಿಗೆ ಏನನಿಸುತ್ತದೆ ಅಂತ ಎಲ್ಲಿ ಬಂತು?

ನಾನು ಮೊಗೇರ ಸಮುದಾಯದವನು, ದಲಿತ. ನಮ್ಮ ಊರಿನಲ್ಲೂ ಇದೇ ವ್ಯವಸ್ಥೆ ಇತ್ತು. ನನ್ನ ಅಪ್ಪ ದೇವಸ್ಥಾನದ ಕೆರೆ ಹೂಳೆತ್ತಲಿಕ್ಕೆ ಇಳಿದವರು. ಊಟದ ದಿನ ಮಾತ್ರ ಹೋಗುತ್ತಿರಲಿಲ್ಲ. ಕೇಳಿದರೆ "ಹೊಟ್ಟೆ ಸರಿ ಇಲ್ಲ" ಅನ್ನುತ್ತಿದ್ದರು. ಪ್ರತಿ ಸಲ ಅದೇ ಕಾರಣ. ನಾನು ದೊಡ್ಡವನಾದ ಮೇಲೆ ಅರ್ಥವಾಯಿತು. ಅಪ್ಪನ ಹಾಗೆ ಹೊರೆಕಾಣಿಕೆ ಕೊಟ್ಟು ಕೈಮುಗಿದು ಮನೆಗೆ ಬಂದು ಗಂಜಿ ಉಣ್ಣುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಸಮಿತಿಯವರು ಅದನ್ನು ಗಮನಿಸುವುದೇ ಇಲ್ಲ. "ಯಾರೂ ದೂರು ಕೊಟ್ಟಿಲ್ಲ, ಎಲ್ಲರೂ ಸಂತೋಷವಾಗಿದ್ದಾರೆ" ಅನ್ನುತ್ತಾರೆ.

ಮರ್ಯಾದೆಯಿಂದ ಮಾತಾಡಿ ಅಂತ ಯಾವಾಗಲೂ ನಮಗೇ ಹೇಳುತ್ತಾರೆ. ಸ್ವರ ಸ್ವಲ್ಪ ಏರಿದರೆ "ನೋಡಿ, ಇವರ ಹತ್ತಿರ ಮಾತಾಡಲಿಕ್ಕಾಗುವುದಿಲ್ಲ" ಅಂತ ಎದ್ದು ಹೋಗುತ್ತಾರೆ. ನಾನು ಬೈಯಲಿಕ್ಕೆ ಹೇಳುತ್ತಿಲ್ಲ. ಯಾರಿಗೆ ನೋವಾಗಿದೆಯೋ ಅವರ ಸ್ವರ ನಡುಗುತ್ತದೆ, ಏರುತ್ತದೆ. ಅದನ್ನು ಕೇಳಿಸಿಕೊಳ್ಳುವುದೂ ಮರ್ಯಾದೆಯೇ. ಒಂದು ಕಡೆಯವರು ಮಾತ್ರ ಶಾಂತವಾಗಿರಬೇಕಾದ ಮಾತುಕತೆಯಲ್ಲಿ ಮರ್ಯಾದೆ ಎಲ್ಲಿದೆ?

ಇನ್ನೊಂದು ವಿಷಯ, ಇದು ಯಾರಿಗೂ ಇಷ್ಟವಾಗುವುದಿಲ್ಲ. ಚಪ್ಪರದ ಒಳಗೂ ಹಂತಿ ಬೇರೆ ಬೇರೆಯೇ. ಬೋರ್ಡು ಹಾಕಿರುವುದಿಲ್ಲ, ಆದರೆ ನಮ್ಮವರು ಕೂತ ಕಡೆ ಬೇರೆಯವರು ಬಂದು ಕೂರುವುದಿಲ್ಲ. 1917ರಲ್ಲಿ ಕೊಚ್ಚಿ ಕಡೆಯ ಚೆರಾಯಿಯಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ಮಾಡಿಸಿದಾಗ ಅವರಿಗೆ ಬಹಿಷ್ಕಾರ ಹಾಕಿದ್ದು ಬ್ರಾಹ್ಮಣರಲ್ಲ, ಅವರದೇ ಈಳವ ಸಮುದಾಯದವರು. ಪುಲಯರ (ಅಲ್ಲಿನ ದಲಿತರ) ಜೊತೆ ಕೂತು ಉಂಡದ್ದಕ್ಕೆ "ಪುಲಯನ್ ಅಯ್ಯಪ್ಪನ್" ಅಂತ ಹೆಸರಿಟ್ಟರು. ಅವರು ಆ ಹೆಸರನ್ನು ಬಿರುದಿನ ಹಾಗೆ ಹೊತ್ತು ತಿರುಗಿದರು. ಹಾಗಾಗಿ ಒಳಗಿನ ಹಂತಿ ಒಂದನ್ನೇ ತೆಗೆದು "ಆಯಿತು" ಅನ್ನಬೇಡಿ.

ತಂಗಿ, ನಿನ್ನ ಮನಸ್ಸು ಒಳ್ಳೆಯದು, ಅದರಲ್ಲಿ ಸಂಶಯ ಇಲ್ಲ. ದೊಡ್ಡಪ್ಪನ ಹತ್ತಿರ ಹೋಗುವ ಮೊದಲು ನಿನ್ನದೇ ಊರಿನ ಚಪ್ಪರದವರ ಹತ್ತಿರ ಒಮ್ಮೆ ಹೋಗಿ ಕೇಳು. ಅವರಿಗೆ ಏನು ಬೇಕು ಅಂತ ನಿನಗೆ ಗೊತ್ತಿದೆಯಾ?

---

ಮುಳ್ಳೇರಿಯ ಪೂಜೆಯವರು

ನಾನು ಪೌರೋಹಿತ್ಯದ ಮನೆಯವನು, ಬ್ರಹ್ಮಕಲಶಗಳಿಗೆ ಋತ್ವಿಜನಾಗಿ ಹೋಗುತ್ತೇನೆ. ಮೇಲಿನ ಮಾತು ಓದಿ ಎದೆಗೆ ತಾಗಿತು. ಆ "ಹೊಟ್ಟೆ ಸರಿ ಇಲ್ಲ" ಅನ್ನುವುದು. ನಮ್ಮ ಊರಿನಲ್ಲೂ ಹಾಗೆ ಹೇಳುವ ಒಬ್ಬರು ಇದ್ದರು.

ನಮ್ಮ ಕಡೆಯವರ ತಲೆಯಲ್ಲಿ ಏನಿರುತ್ತದೆ ಅಂತ ಬರೆಯುತ್ತೇನೆ, ಸಮರ್ಥನೆಗೆ ಅಲ್ಲ, ಈ ಹುಡುಗಿಗೆ ದೊಡ್ಡಪ್ಪನ ಮಾತು ಅರ್ಥವಾಗಲಿ ಅಂತ. ಬ್ರಹ್ಮಕಲಶ ಅಂದರೆ ಹಿರಿಯರಿಗೆ ಭಯ ಇರುತ್ತದೆ. ಎಲ್ಲಿಯಾದರೂ ಲೋಪವಾದರೆ ಊರಿಗೆ ಕೆಡುಕು ಅಂತ ನಿಜವಾಗಿಯೂ ನಂಬುತ್ತಾರೆ. ಮುಂದೆ ಯಾರಿಗಾದರೂ ಆರೋಗ್ಯ ಕೆಟ್ಟರೆ, ಮಳೆ ತಪ್ಪಿದರೆ, "ಆ ವರ್ಷ ಸಂಚಾಲಕ ಇವನೇ" ಅಂತ ಊರು ಬೆರಳು ತೋರಿಸುತ್ತದೆ. ಮುಂದೆ ಜ್ಯೋತಿಷಿಗಳು ದೇವಸ್ಥಾನದಲ್ಲಿ ಪ್ರಶ್ನೆ ಇಟ್ಟು ನೋಡುವಾಗ ಅದರ ಪುಸ್ತಕದಲ್ಲೂ ಈ ಲೋಪ ಬರುತ್ತದೆ. ಈ ಭಯ ಇರುವವರಿಗೆ "ನೀವು ಜಾತಿವಾದಿ" ಅಂದರೆ ಕಿವಿಗೆ ಹೋಗುವುದಿಲ್ಲ. ಮನಸ್ಸಿನಲ್ಲಿ ಇರುವುದು ಬೇರೆಯೇ ಲೆಕ್ಕ.

ಒಂದು ವ್ಯತ್ಯಾಸ ಹಿಡಿದುಕೊಳ್ಳಿ. ದೀಕ್ಷೆಯಲ್ಲಿ ಇರುವ ತಂತ್ರಿಗಳು (ಕ್ರಿಯೆ ನಡೆಸುವ ಮುಖ್ಯ ಆಚಾರ್ಯರು), ಋತ್ವಿಜರು ಕ್ರಿಯೆ ಮುಗಿಯುವ ತನಕ ಉಣ್ಣುವುದಿಲ್ಲ. ಮುಗಿದ ಮೇಲೆ ಪ್ರತ್ಯೇಕವಾಗಿ ಉಣ್ಣುತ್ತಾರೆ. ಅದು ಅವತ್ತಿನ ಕೆಲಸಕ್ಕೆ ಸಂಬಂಧಿಸಿದ ನಿಯಮ, ಕೆಲವೇ ಜನರಿಗೆ. ಅವರ ಹೆಂಡತಿ ಮಕ್ಕಳು, ನೆಂಟರು, ಪೇಟೆಯಿಂದ ಕಾರಿನಲ್ಲಿ ಬಂದ ಜಾತಿಬಾಂಧವರು, ಇವರಿಗೆಲ್ಲ ಯಾವ ದೀಕ್ಷೆಯೂ ಇಲ್ಲ. ಅವರು ಒಳಗೆ ಕೂರುವುದು ಹುಟ್ಟಿನಿಂದ ಮಾತ್ರ. ಈ ಎರಡನ್ನು ಒಂದೇ ಅಂತ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದೇವೆ. "ಕ್ರಿಯೆಯಲ್ಲಿ ಇರುವವರಿಗೆ ಪ್ರತ್ಯೇಕ, ಉಳಿದ ಎಲ್ಲರಿಗೂ ಒಂದೇ" ಅಂತ ದೊಡ್ಡಪ್ಪನ ಹತ್ತಿರ ಹೇಳಿದರೆ ಅವರ ಭಯಕ್ಕೆ ಒಂದು ಉತ್ತರ ಸಿಗುತ್ತದೆ. ತಂತ್ರಿಗಳನ್ನು ಮೊದಲೇ ಕೇಳಿ. ಹೆಚ್ಚಿನ ಕಡೆ ತಂತ್ರಿಗಳ ಹೆಸರು ಹೇಳಿ ಸಮಿತಿಯವರೇ ತೀರ್ಮಾನ ಮಾಡಿರುತ್ತಾರೆ, ತಂತ್ರಿಗಳನ್ನು ಯಾರೂ ಕೇಳಿರುವುದಿಲ್ಲ.

---

ಚಪ್ಪರದಲ್ಲಿ ಉಂಡವ

ಭಟ್ರೇ, ಇದು ಒಪ್ಪುವ ಮಾತು. ಕೆಲಸದಲ್ಲಿ ಇದ್ದವರಿಗೆ ಬೇರೆ ಹಂತಿ ಆದರೆ ನಮಗೆ ಏನೂ ಅನಿಸುವುದಿಲ್ಲ. ಭೂತ ಕಟ್ಟುವವರಿಗೂ ನಿಯಮ ಇದೆ, ನಮಗೆ ಅದು ಗೊತ್ತು. ಆದರೆ ಕ್ರಿಯೆಯವರ ಪಟ್ಟಿ ಉದ್ದ ಆಗುತ್ತಾ ಹೋಗಬಾರದು. ಹೂ ಕಟ್ಟಿದವರು, ಪಾತ್ರೆ ಎತ್ತಿದವರು ಅಂತ ಕೊನೆಗೆ ಇಡೀ ಜಾತಿ ಆ ಪಟ್ಟಿಯಲ್ಲಿ ಬಂದರೆ ಏನು ಬದಲಾಯಿತು?

---

ಕೋರ್ಟು ರಸ್ತೆಯವ

ವಕೀಲನಾಗಿ ಒಂದೆರಡು ಮಾತು. ಸಮಿತಿಯಲ್ಲಿ "ಇದು ನಮ್ಮ ದೇವಸ್ಥಾನ, ನಮ್ಮ ಕ್ರಮ" ಅನ್ನುವ ಮಾತು ಖಂಡಿತ ಬರುತ್ತದೆ. ಆಗ ಗಾಳಿಯಲ್ಲಿ ಮಾತಾಡದೆ ಇರಲಿಕ್ಕೆ ಇಷ್ಟು ಗೊತ್ತಿರಲಿ.

ಎಲ್ಲರಿಗೂ 1936ರ ತಿರುವಾಂಕೂರು ದೇವಸ್ಥಾನ ಪ್ರವೇಶ ಘೋಷಣೆ ಗೊತ್ತು. ಅದು ನಮಗೆ ಅನ್ವಯ ಆಗಿದ್ದಲ್ಲ. ನಾವು ಆಗ ಮದ್ರಾಸಿನ ಕೆಳಗೆ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದ್ದೆವು. ನಮ್ಮ ಕಡೆ ಬಾಗಿಲು ತೆರೆದದ್ದು 1947ರ ಮದ್ರಾಸ್ ದೇವಸ್ಥಾನ ಪ್ರವೇಶ ಕಾಯ್ದೆ. ಆ ಕಾಯ್ದೆಯ ಮೇಲೆ ನಮ್ಮ ಜಿಲ್ಲೆಯಿಂದಲೇ ದೊಡ್ಡ ಕೇಸು ಹೋಯಿತು, ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು. ಇದು ಗೌಡ ಸಾರಸ್ವತರ ದೇವಸ್ಥಾನ, ಕಾಯ್ದೆ ನಮಗೆ ತಾಗುವುದಿಲ್ಲ ಅಂತ ಅವರ ವಾದ. 1957ರಲ್ಲಿ ಸುಪ್ರೀಂ ಕೋರ್ಟು, ಹೌದು ಇದು ಒಂದು ಪಂಗಡದ ದೇವಸ್ಥಾನವೇ, ಆದರೂ ಎಲ್ಲ ಹಿಂದೂಗಳಿಗೆ ಪ್ರವೇಶದ ಹಕ್ಕು ಇದೆ ಅಂತ ಹೇಳಿತು. ಕೆಲವು ವಿಶೇಷ ವಿಧಿಗಳನ್ನು ಮಾತ್ರ ಆ ಪಂಗಡದವರಿಗೆ ಮೀಸಲಿಡಬಹುದು ಅಂದಿತು. ಈಗ ನೋಡಿ, ಮುಳ್ಳೇರಿಯವರು ಮೇಲೆ ಹೇಳಿದ ವ್ಯತ್ಯಾಸವೂ ಹೆಚ್ಚು ಕಡಿಮೆ ಇದೇ ದಾರಿಯದ್ದು. ಅನ್ನಸಂತರ್ಪಣೆ ಅಂಥ ವಿಶೇಷ ವಿಧಿ ಅಂತ ನನಗೆ ಅನಿಸುವುದಿಲ್ಲ. ಅದು ಊರಿಗೇ ಹಾಕುವ ಊಟ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದಿದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಸಾರ್ವಜನಿಕ ಜಾಗದಿಂದ, ಧಾರ್ಮಿಕ ಆಚರಣೆಯಿಂದ ದೂರ ಇಟ್ಟರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಶಿಕ್ಷೆಯೂ ಇದೆ.

ಆದರೆ ಮೊದಲ ದಿನವೇ ಇದನ್ನು ದೊಡ್ಡಪ್ಪನ ಮುಂದೆ ಇಡಬೇಡಿ. ಕಾಯ್ದೆ ಹೇಳಿದ ಕೂಡಲೇ ಮಾತು ನಿಂತು ಕೇಸು ಶುರುವಾಗುತ್ತದೆ. ಅವರೂ ಒಬ್ಬ ವಕೀಲನನ್ನು ಹುಡುಕುತ್ತಾರೆ. ನಿಮ್ಮ ಮನಸ್ಸಿನಲ್ಲಿ ಇದು ಇರಲಿ, ಸಾಕು. ಮಾತುಕತೆಯಲ್ಲಿ ಏನು ಬೇಕಾದರೂ ತೀರ್ಮಾನ ಆಗಲಿ, ಇದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಅದು ಗೊತ್ತಿದ್ದರೆ ನಿಮ್ಮ ಸ್ವರವೂ ಏರುವುದಿಲ್ಲ.

---

ಪೈವಳಿಕೆಯ ಅಕ್ಕ

ನಾನು ಕುಟುಂಬಶ್ರೀಯಲ್ಲಿ ಇದ್ದೇನೆ, ಕೇರಳದ ಹೆಂಗಸರ ಸ್ವಸಹಾಯ ಯೋಜನೆ ಅದು. ನಮ್ಮ ಅಯಲ್‌ಕೂಟ ಅಂದರೆ ನೆರೆಮನೆಯವರ ಗುಂಪು ವಾರಕ್ಕೆ ಒಂದು ಸಲ ಒಬ್ಬೊಬ್ಬರ ಮನೆಯಲ್ಲಿ ಕೂರುತ್ತದೆ. ಶೆಟ್ಟರ ಮನೆಯಲ್ಲಿ ಒಂದು ವಾರ, ಬ್ಯಾರಿಗಳ ಮನೆಯಲ್ಲಿ ಒಂದು ವಾರ, ಕಾಲೊನಿಯಲ್ಲಿ ಒಂದು ವಾರ. ಮೊದಮೊದಲು ಕೆಲವರು ಕಾಲೊನಿಯ ಮನೆಯಲ್ಲಿ ಚಾ ಕುಡಿಯುತ್ತಿರಲಿಲ್ಲ. "ಈಗ ತಾನೇ ಕುಡಿದು ಬಂದೆ" ಅನ್ನುತ್ತಿದ್ದರು. ಯಾರೂ ಭಾಷಣ ಮಾಡಲಿಲ್ಲ. ಲೋನಿನ ಲೆಕ್ಕ, ಕೋಳಿ, ಮಗಳ ಮದುವೆ ಅಂತ ಮಾತಾಡುತ್ತಾ ಮಾತಾಡುತ್ತಾ ಒಂದು ದಿನ ಗ್ಲಾಸು ಕೈಗೆ ಬಂತು. ಆದರೆ ನಿಜ ಹೇಳಬೇಕು, ಎಲ್ಲರದ್ದೂ ಬಂದಿಲ್ಲ. ಒಬ್ಬರು ಇವತ್ತಿಗೂ ಕುಡಿಯುವುದಿಲ್ಲ. ಅವರು ಲೋನಿಗೆ ಮಾತ್ರ ಬರುತ್ತಾರೆ.

ಸಮಿತಿಯ ಸಭೆಯ ಬಗ್ಗೆ ಒಂದು ಮಾತು. ಅಲ್ಲಿ ಯಾವಾಗಲೂ ಮೊದಲು ಮಾತಾಡುವವರು ಮೊಕ್ತೇಸರರು (ದೇವಸ್ಥಾನದ ಆಡಳಿತ ನೋಡುವವರು), ಆಮೇಲೆ ದೊಡ್ಡ ದೇಣಿಗೆ ಕೊಟ್ಟವರು. ಅವರು ಹೇಳಿದ ಮೇಲೆ ಉಳಿದವರು "ಹಾಗೇ ಆಗಲಿ" ಅನ್ನುತ್ತಾರೆ. ನಮ್ಮ ಕೂಟದಲ್ಲಿ ಜಗಳದ ವಿಷಯ ಬಂದರೆ ಮೊದಲು ಮಾತಾಡುವುದು ಕಡಿಮೆ ಮಾತಾಡುವವರು, ಕಾರ್ಯದರ್ಶಿ ಕೊನೆಗೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಿದರೆ ಲೆಕ್ಕದ ಪುಸ್ತಕ ಮುಚ್ಚುತ್ತೇವೆ, ಅವತ್ತು ಲೋನಿನ ಅರ್ಜಿ ನೋಡುವುದಿಲ್ಲ. ಅಲ್ಲಿಗೆ ಎಲ್ಲರೂ ಸುಮ್ಮನೆ ಕೇಳುತ್ತಾರೆ.

ಮತ್ತೆ ಬಡಿಸುವವರನ್ನು ಕೇಳಿ. ಎರಡು ಕಡೆ ಬಡಿಸಲಿಕ್ಕೆ ಎರಡು ಪಟ್ಟು ಜನ ಬೇಕು. ಒಳಗಿಗೆ ಪಾಯಸ ಬಿಸಿ ಇರುತ್ತದೆ, ಚಪ್ಪರಕ್ಕೆ ಬರುವಾಗ ತಣ್ಣಗೆ, ಕೆಲವು ಸಲ ಒಂದು ಬಗೆ ಕಡಿಮೆ. ಬಡಿಸುವ ಹುಡುಗರಿಗೆ ಇದು ಗೊತ್ತು, ಅವರಿಗೂ ಕೈ ನಡುಗುತ್ತದೆ. ಅವರನ್ನು ಯಾವ ಸಭೆಗೂ ಕರೆಯುವುದಿಲ್ಲ.

---

ಕುಂಬಳೆಯ ಟೀಚರ್

ಚಪ್ಪರದಲ್ಲಿ ಉಂಡವರ ಮೊದಲ ಮಾತಿಗೆ ಉತ್ತರ ಬಾಕಿ ಇದೆ. ನೀವು ಹೇಳಿದ್ದು ಸರಿ, ನಾನು ಬರೆದದ್ದು ಪ್ರಶ್ನೆ ಕೇಳಿದವಳಿಗೆ ಮಾತ್ರ. ನಿಮಗೆ ಹೇಳುವ ಮಾತಾದರೆ ಅಡಿಕೆ ಸುಲಿಯುತ್ತಾ ಕೂರಿ ಅಂತ ನಾನು ಖಂಡಿತ ಹೇಳುತ್ತಿರಲಿಲ್ಲ. ದೊಡ್ಡಪ್ಪನನ್ನು ಒಪ್ಪಿಸುವ ಕೆಲಸ ಆ ಮನೆಯವಳದ್ದು. ನಿಮ್ಮದಲ್ಲ.

ವೈಕ್ಕಂ ಸತ್ಯಾಗ್ರಹ ನೆನಪಿಗೆ ಬರುತ್ತದೆ, ತಿರುವಾಂಕೂರಿನ ವೈಕ್ಕಂ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಕೆಳಜಾತಿಯವರನ್ನೂ ನಡೆಯಲು ಬಿಡಬೇಕು ಅಂತ ನಡೆದದ್ದು. 1925ರ ಮಾರ್ಚಿನಲ್ಲಿ ಗಾಂಧೀಜಿ ಅಲ್ಲಿನ ಇಂಡಂತುರುತ್ತಿ ಮನೆಗೆ ತಾವೇ ನಡೆದು ಹೋಗಿ ನಂಬೂದಿರಿಗಳ ಹತ್ತಿರ ಮಾತಾಡಿದರು. ಗಾಂಧೀಜಿಯನ್ನು ಒಳಗೆ ಕೂರಿಸಲೂ ಇಲ್ಲ. ಆದರೂ ಕೂತು, ತಾಳ್ಮೆಯಿಂದ, ಶಾಸ್ತ್ರ ತೋರಿಸಿ, ಪಂಡಿತರು ತೀರ್ಮಾನ ಮಾಡಲಿ, ಬೇಕಾದರೆ ಸವರ್ಣರದ್ದೇ ಮತ ಕೇಳೋಣ ಅಂತ ಒಂದೊಂದಾಗಿ ಮುಂದಿಟ್ಟರು. ನಂಬೂದಿರಿಗಳು ಯಾವುದಕ್ಕೂ ಒಪ್ಪಲಿಲ್ಲ.

---

ಚಪ್ಪರದಲ್ಲಿ ಉಂಡವ

ಟೀಚರ್, ಅದರ ಇನ್ನೊಂದು ಭಾಗವನ್ನೂ ಹೇಳಬೇಕು. ಗಾಂಧೀಜಿ ಹೋಗುವ ಮೊದಲು ಒಂದು ವರ್ಷ ಜನ ಆ ರಸ್ತೆಯಲ್ಲಿ ನಿಂತಿದ್ದರು. 1924ರ ದೊಡ್ಡ ನೆರೆಯಲ್ಲಿ ನೀರಿನಲ್ಲೇ ನಿಂತರು. ಒಟ್ಟು 603 ದಿನ ನಡೆದ ಸತ್ಯಾಗ್ರಹ. ಅವರು ಅಲ್ಲಿ ನಿಂತದ್ದಕ್ಕೆ ನಂಬೂದಿರಿಗಳು ಮಾತಾಡಲಿಕ್ಕಾದರೂ ಕೂತದ್ದು. ಕೊನೆಗೂ ನಾಲ್ಕರಲ್ಲಿ ಮೂರು ಕಡೆಯ ರಸ್ತೆ ತೆರೆಯಿತು, ಪೂರ್ವದ್ದಕ್ಕೆ 1936ರವರೆಗೆ ಕಾಯಬೇಕಾಯಿತು. ನಂಬೂದಿರಿಗಳ ಆ ಮನೆ ಈಗ ಮೂರ್ತೆ (ಶೇಂದಿ ಇಳಿಸುವ) ಕಾರ್ಮಿಕರ ಸಂಘದ ಕಚೇರಿ.

ಹಾಗಾಗಿ ತಂಗಿ, ಮಾತಾಡು, ಬೇಡ ಅನ್ನುವುದಿಲ್ಲ. ಆದರೆ ಮಾತಿಗೆ ಒಂದು ಗಡು ಇರಲಿ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ತೀರ್ಮಾನ ಆಗಬೇಕು. "ಮುಂದಿನ ಸಲ ನೋಡೋಣ" ಅಂದರೆ ಬ್ರಹ್ಮಕಲಶ ಮತ್ತೆ ಬರುವುದು ಹನ್ನೆರಡು ವರ್ಷಕ್ಕೆ.

---

ಬದಿಯಡ್ಕದ ಹುಡುಗಿ

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ದೊಡ್ಡಪ್ಪನಿಗಿಂತ ದೊಡ್ಡಮ್ಮನ ಹತ್ತಿರ ಮೊದಲು ಹೇಳು, ಅವಳಿಗೆ ಎರಡು ಕಡೆ ಬಡಿಸುವುದು ನೋಡಿ ನೋಡಿ ಬೇಜಾರಾಗಿದೆ" ಅಂದರು. ಅದು ನನಗೆ ಗೊತ್ತೇ ಇರಲಿಲ್ಲ.

ಚಪ್ಪರದಲ್ಲಿ ಉಂಡ ಅಣ್ಣ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಊರಿನಲ್ಲಿ ಚಪ್ಪರದ ಕಡೆಯ ಯಾರ ಹತ್ತಿರವೂ ನಾನು ಇದನ್ನು ಕೇಳಿಲ್ಲ. ಮೊದಲು ಅದೇ ಮಾಡುತ್ತೇನೆ. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವಳೊಬ್ಬಳ ಮನೆ ಅಲ್ಲೇ ಇದೆ. ಆದರೆ ಭಯ ಇದೆ. ನಾನು ಹೋಗಿ ಕೇಳಿದ್ದು ಗೊತ್ತಾಗಿ ಅವರ ಮನೆಯವರಿಗೆ ತೊಂದರೆ ಆದರೆ? ಅವಳ ಅಪ್ಪ ನಮ್ಮ ತೋಟದ ಕೆಲಸಕ್ಕೆ ಬರುತ್ತಾರೆ. "ಹೌದು, ನಮಗೆ ಬೇಜಾರಿದೆ" ಅಂತ ನನ್ನ ಎದುರು ಹೇಳಲಿಕ್ಕೆ ಅವರಿಗೆ ಆಗುತ್ತದಾ?

ಅಕ್ಕ ಹೇಳಿದ ಹಾಗೆ ಬಡಿಸುವ ಹುಡುಗರ ಹತ್ತಿರವೂ ಮಾತಾಡುತ್ತೇನೆ. ತಂತ್ರಿಗಳನ್ನು ಕೇಳುವ ಕೆಲಸ ದೊಡ್ಡಪ್ಪನಿಗೇ ಬಿಡುತ್ತೇನೆ, ಅವರು ಕೇಳಿದರೆ ಅವರಿಗೇ ಧೈರ್ಯ ಬರುತ್ತದೆ ಅಂತ ಅನಿಸುತ್ತದೆ. ಏನೇ ತೀರ್ಮಾನ ಆದರೂ ಫೆಬ್ರವರಿಯಲ್ಲಿ ನಾನು ಒಳಗೆ ಕೂರುವುದಿಲ್ಲ. ಅದನ್ನು ಅವರಿಗೆ ಮೊದಲೇ ಹೇಳುತ್ತೇನೆ, ಅವತ್ತಿನ ದಿನ ಎಲ್ಲರ ಎದುರು ಎದ್ದು ಹೋಗಿ ಅವರಿಗೆ ಅವಮಾನ ಮಾಡುವುದಿಲ್ಲ.

---

ಚಪ್ಪರದಲ್ಲಿ ಉಂಡವ

ಒಳ್ಳೆಯ ಪ್ರಶ್ನೆ ಕೇಳಿದೆ. ತೋಟದ ಕೆಲಸಕ್ಕೆ ಬರುವವರ ಹತ್ತಿರ ಧಣಿಯ ಮನೆಯ ಹುಡುಗಿ ಕೇಳಿದರೆ "ನಮಗೇನೂ ಇಲ್ಲ ಅಮ್ಮಾ, ಚೆನ್ನಾಗಿಯೇ ಇದೆ" ಅನ್ನುತ್ತಾರೆ. ನನ್ನ ಅಪ್ಪನೂ ಹಾಗೇ ಹೇಳುತ್ತಿದ್ದರು. ಅದನ್ನು ತೆಗೆದುಕೊಂಡು ಹೋಗಿ "ನಾನು ಕೇಳಿದೆ, ಅವರಿಗೆ ತೊಂದರೆ ಇಲ್ಲವಂತೆ" ಅಂತ ಸಭೆಯಲ್ಲಿ ಹೇಳಬೇಡ.

ಅಪ್ಪನ ಹತ್ತಿರ ಬೇಡ. ಗೆಳತಿಯ ಹತ್ತಿರ ಮಾತ್ರ ಮಾತಾಡು, ಅವಳ ಮನೆಯಲ್ಲೇ, ಅವಳು ಕೊಟ್ಟದ್ದನ್ನು ತಿಂದು. ಊಟದ ವಿಷಯ ನೀನಾಗಿ ತೆಗೆಯುವುದಾದರೆ ನೀನು ಏನು ಮಾಡಬೇಕು ಅಂತಿದ್ದೀಯೋ ಅದನ್ನು ಮೊದಲು ಹೇಳು, ಆಮೇಲೆ ಅವಳು ಹೇಳಬೇಕೋ ಬೇಡವೋ ಅವಳಿಗೆ ಬಿಟ್ಟದ್ದು. ಅವಳ ಹೆಸರು ಎಲ್ಲಿಯೂ ಹೇಳಬೇಡ. ಯಾರನ್ನಾದರೂ ಸಭೆಗೆ ಕರೆಯುವುದಾದರೆ ಒಬ್ಬರನ್ನು ಕರೆಯಬೇಡ, ನಾಲ್ಕೈದು ಜನ ಒಟ್ಟಿಗೆ ಬರುವ ಹಾಗೆ ಮಾಡು. ಒಬ್ಬರೇ ಆದರೆ ಎಲ್ಲರೂ ಅವರ ಮುಖವನ್ನೇ ನೋಡುತ್ತಾರೆ. ನಮ್ಮ ಊರಿನಲ್ಲಿ ಒಂದೇ ಹಂತಿ ಆದದ್ದು ನಮ್ಮವರು ಮತ್ತು ತೀಯ ಸಮುದಾಯದ ಕೆಲವು ಹುಡುಗರು ಒಟ್ಟಿಗೆ ಹೋಗಿ ಕೂತ ಮೇಲೆ.

ನಿನ್ನ ದೊಡ್ಡಮ್ಮನ ಹತ್ತಿರ ಮಾತಾಡಿ ಆದ ಮೇಲೆ ಇಲ್ಲೇ ಬರೆ. ಅವರು ಏನಂದರು ಅಂತ ನನಗೂ ಕೇಳಬೇಕು.